ಬನ್ನಿ ಅಂದಾಯ್ತು, ಆಮೇಲೆ?

(ಮಡಿಕೇರೀಲಿ ಹೋಂಸ್ಟೇ ನಡೆಸೋರು, ಜೀಪ್ ಓಡಿಸೋರು, ಗೈಡ್‌ಗಳು, ಕಾಫಿ ತೋಟದ ಲೆಕ್ಕ ಬರೆಯೋ ರೈಟರ್‌ಗಳು ಸೇರಿದ್ದ ಒಂದು ಸಭೇಲಿ ಆಡಿದ ಮಾತು. ಬರ್ದು ಕೊಡಿ ಅಂತ ಕೆಲವ್ರು ಕೇಳಿದ್ರು, ಹೆಚ್ಚು ಕಮ್ಮಿ ಹೇಳಿದ ಹಾಗೇ ಬರ್ದಿದೀನಿ.)

ಎಲ್ರಿಗೂ ನಮಸ್ಕಾರ. ಈಗ ತಾನೇ ಸ್ವಾಗತ ಭಾಷಣ ಮುಗೀತು, ವೇದಿಕೆ ಮೇಲೆ ಕೂತಿರೋ ನಮ್ಗೆಲ್ಲ ಹೆಸ್ರು ಹಿಡ್ದು ಒಬ್ಬೊಬ್ರಿಗೇ ಸ್ವಾಗತ, ಪತ್ರಕರ್ತರಿಗೆ ಸ್ವಾಗತ, ಮೈಕ್ ಸೆಟ್‌ನೋರಿಗೂ ಸ್ವಾಗತ, ಯಾರ್ದಾದ್ರೂ ಹೆಸ್ರು ಬಿಟ್ಟು ಹೋಗಿದ್ರೆ ಬೇಜಾರು ಮಾಡ್ಕೋಬೇಡಿ ಅಂತ ಕೊನೆಗೊಂದು ಜನರಲ್ ಸ್ವಾಗತ. ಇನ್ನು ಕಾರ್ಯಕ್ರಮದ ಕೊನೇಲಿ ವಂದನಾರ್ಪಣೆ ಇದೆ, ಅಷ್ಟೊತ್ತಿಗೆ ನೀವೆಲ್ಲ ತಟ್ಟೆ ಹಿಡ್ಕೊಂಡು ಪಂದಿ ಕರಿ ಮುಂದೆ ನಿಂತಿರ್ತೀರಿ, ವಂದನೆ ಹೇಳೋರು ಪಾಪ ಖಾಲಿ ಕುರ್ಚಿಗಳಿಗೆ ಹೇಳಿ ಇಳೀತಾರೆ. ಕನ್ನಡದ ಸಭೆ ಅಂದ್ರೆ ಇಷ್ಟು ಇರ್ಲೇಬೇಕು, ಅದರ ಬಗ್ಗೆ ನಂಗೇನೂ ತಕರಾರಿಲ್ಲ. ಆದ್ರೆ ಒಂದು ನೋಡಿ, ಅವ್ರು ಅಷ್ಟು ಹೊತ್ತು ಸ್ವಾಗತ ಕೋರಿದ್ರಲ್ಲ, ಅದಕ್ಕೆ ನಾವ್ಯಾರೂ ಬಾಯಿಬಿಟ್ಟು ಏನೂ ಉತ್ರ ಕೊಡ್ಲಿಲ್ಲ. ಹೂ ಇಸ್ಕೊಂಡ್ವಿ, ಕೈ ಮುಗಿದ್ವಿ, ಕೂತ್ವಿ.

ನಂಗೆ ಇವತ್ತು ಮಾತಾಡೋಕೆ ಇಷ್ಟ ಇರೋದು ಆ ಉತ್ರದ ಬಗ್ಗೆನೇ. ಯಾಕಂದ್ರೆ ಈಗ ಯಾವ ಹೋಂಸ್ಟೇಗೆ ಹೋದ್ರೂ ಗೋಡೆ ಮೇಲೆ ಒಂದು ಬೋರ್ಡ್ ಇರುತ್ತೆ, ಹತ್ತು ಹನ್ನೆರಡು ಭಾಷೇಲಿ ವೆಲ್ಕಮ್, ಅದರ ಪಕ್ಕ ಹತ್ತು ಹನ್ನೆರಡು ಭಾಷೇಲಿ ಥ್ಯಾಂಕ್ಯೂ. ಹುಡುಗ್ರು ಅದನ್ನ ಬಾಯಿಪಾಠ ಮಾಡಿ ಗೆಸ್ಟ್ ಬಂದ ತಕ್ಷಣ ಹೇಳ್ತಾರೆ, ಅವ್ರಿಗೂ ಖುಷಿಯಾಗುತ್ತೆ, ಖುಷಿಯಾಗಿ ಅವ್ರು ತಿರುಗಿ ಏನೋ ಒಂದು ಅಂತಾರೆ, ಅಲ್ಲಿಗೆ ನಮ್ಮ ಹುಡುಗನ ಸ್ಟಾಕ್ ಖಾಲಿ, ಪೆಚ್ಚು ನಗೆ. ನಾನು ಗಲ್ಫ್‌ನಲ್ಲಿ ಹೋಟ್ಲು ರಿಸೆಪ್ಷನ್‌ನಲ್ಲಿ ಕೆಲ್ಸ ಮಾಡ್ದೋನು, ಆ ಪೆಚ್ಚು ನಗೆ ನಂಗೆ ಚೆನ್ನಾಗಿ ಗೊತ್ತು. ಸ್ವಾಗತ, ಥ್ಯಾಂಕ್ಸ್ ಇವೆರಡೂ ಒಬ್ಬರು ಹೇಳಿ ಮುಗಿಸೋ ಮಾತಲ್ಲ ಸ್ವಾಮಿ, ಬಹಳ ಭಾಷೆಗಳಲ್ಲಿ ಅದು ಜೋಡಿ ಮಾತು. ನಾವು ಕಲಿಯೋದು ಮಾತ್ರ ಒಂಟಿ.

ಟರ್ಕಿಯೋರನ್ನ ತಗೊಳ್ಳಿ. ಮನೆಗೆ ಬಂದೋರಿಗೆ 'ಹೋಶ್ ಗೆಲ್ದಿನಿಜ್' ಅಂತಾರೆ, ಚೆನ್ನಾಗಿ ಬಂದ್ರಿ ಅಂತ. ಬಂದೋರು ಥ್ಯಾಂಕ್ಯೂ ಅನ್ನಲ್ಲ, 'ಹೋಶ್ ಬುಲ್ದುಕ್' ಅಂತಾರೆ, ಬಂದು ನೋಡಿದ್ವಿ, ಚೆನ್ನಾಗಿದೆ ಅನ್ನೋ ಹಾಗೆ. ಎರಡೂ ಹೇಳಿದ ಮೇಲೇನೇ ಚಪ್ಲಿ ಬಿಟ್ಟು ಒಳಗೆ. ಗ್ರೀಸ್ ಮತ್ತು ಟರ್ಕಿಗೆ ಎಷ್ಟು ಜಗಳ ಇದ್ರೂ ಈ ವಿಷಯದಲ್ಲಿ ಇಬ್ರೂ ಒಂದೇ, ಗ್ರೀಕರದ್ದೂ 'ಕಲೋಸ್ ಇರ್ಥಾತೆ' ಅಂದ್ರೆ 'ಕಲೋಸ್ ಸಸ್ ವ್ರಿಕಾಮೆ', ನೀವು ಚೆನ್ನಾಗಿ ಬಂದ್ರಿ, ನೀವು ನಮ್ಗೆ ಚೆನ್ನಾಗಿ ಸಿಕ್ಕಿದ್ರಿ. ಹೀಬ್ರೂನಲ್ಲಿ 'ಬಾರೂಖ್ ಹಬಾ', ಬಂದೋರಿಗೆ ಆಶೀರ್ವಾದ ಇರ್ಲಿ. ಅದಕ್ಕೆ ಹಳೇ ಪದ್ಧತಿ ಉತ್ರ 'ಬಾರೂಖ್ ಹನಿಮ್ತ್ಸಾ', ಇಲ್ಲಿ ಇರೋರಿಗೂ ಇರ್ಲಿ. ಬಂದೋನು ಬರೀ ಇಸ್ಕೊಳ್ಳಲ್ಲ, ಬಾಗಿಲಲ್ಲೇ ವಾಪಸ್ ಕೊಟ್ಟು ಒಳಗೆ ಬರ್ತಾನೆ.

ಅರಬ್ಬರದ್ದಂತೂ ಇನ್ನೂ ಧಾರಾಳ. ನಮ್ಮ ಸುಂಟಿಕೊಪ್ಪ, ಸಿದ್ದಾಪುರ, ವಿರಾಜಪೇಟೆ ಕಡೆಯಿಂದ ಗಲ್ಫ್‌ಗೆ ಹೋಗಿ ಬಂದೋರು ಇಲ್ಲೂ ಇದೀರಿ, ನಿಮ್ಗೆ ಗೊತ್ತಿರುತ್ತೆ. 'ಅಹ್ಲನ್ ವ ಸಹ್ಲನ್', ಅಂದ್ರೆ ನಿಮ್ಮೋರ ಹತ್ರಾನೇ ಬಂದಿದೀರಿ, ಸಮತಟ್ಟು ನೆಲಕ್ಕೆ ಬಂದಿದೀರಿ. ಮರುಭೂಮಿಲಿ ನಡ್ಕೊಂಡು ಬಂದೋನಿಗೆ ಸಮತಟ್ಟು ನೆಲ ಅಂದ್ರೆ ಏನು ಅಂತ ಯೋಚ್ನೆ ಮಾಡಿ. (ನಮ್ಮ ಕೊಡಗಲ್ಲಿ ಈ ಮಾತು ಹೇಳಿದ್ರೆ ಸುಳ್ಳಾಗುತ್ತೆ ಬಿಡಿ, ಇಲ್ಲಿ ಸಮತಟ್ಟು ಅಂದ್ರೆ ಗದ್ದೆ ಮಾತ್ರ.) ಸಿರಿಯಾ ಲೆಬನಾನ್ ಕಡೆಯೋರು 'ಮರ್ಹಬಾ' ಅಂದ್ರೆ ಎದುರಿನೋರು 'ಮರ್ಹಬ್ತೈನ್' ಅಂತಾರೆ, ಎರಡು ಮರ್ಹಬಾ. ನೀನು ಒಂದು ಕೊಟ್ಯಾ, ತಗೋ ಎರಡು. ನಂಗೆ ತುಂಬಾ ಇಷ್ಟ ಆಗಿದ್ದು ಇದು, ಬಡ್ಡಿ ಸಮೇತ ವಾಪಸ್.

ಆಫ್ರಿಕಾದ ಸ್ವಾಹಿಲಿಯೋರದ್ದು ಸುತ್ತೋ ಚಕ್ರ. ಬಾಗಿಲ ಹೊರಗೆ ನಿಂತು 'ಹೊಡಿ' ಅಂತ ಕೂಗ್ತಾರೆ, ಬರ್ಬಹುದಾ ಅಂತ, ಒಳಗಿನಿಂದ 'ಕರಿಬು' ಅಂದ್ರೆ ಬನ್ನಿ. ಬಂದೋರು 'ಅಸಾಂತೆ' ಅಂತಾರೆ, ಥ್ಯಾಂಕ್ಸ್. ಆ ಅಸಾಂತೆಗೆ ಉತ್ರ ಮತ್ತೆ 'ಕರಿಬು'. ಎಲ್ಲಿ ನಿಲ್ಲಿಸ್ಬೇಕು ಅಂತ ಯಾರಿಗೂ ಅವಸರ ಇಲ್ಲ.

ಈಗ ನಮ್ಮ ಕಡೆಗೆ ಬರೋಣ. ಕೊಡಗಿನ ಜನಸಂಖ್ಯೆ 2011ರ ಜನಗಣತಿ ಪ್ರಕಾರ ಐದೂವರೆ ಲಕ್ಷ, ಬೆಂಗ್ಳೂರಿನ ಒಂದು ಮೂಲೆಗೂ ಸಾಲಲ್ಲ, ಆದ್ರೆ ಮಡಿಕೇರಿ ಶುಕ್ರವಾರದ ಸಂತೇಲಿ ಒಂದು ಸುತ್ತು ಹೊಡೀರಿ ಸಾಕು, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಕೊಂಕಣಿ, ಬ್ಯಾರಿ, ಉರ್ದು, ಎರವರ ಮಾತು, ಕುರುಬರ ಮಾತು, ಈಗ ತೋಟದ ಕೆಲಸದೋರ ಲೈನ್ ಮನೆಗಳಿಗೆ ಬಂದಿರೋ ಅಸ್ಸಾಮಿ, ಬಂಗಾಳಿ, ಎಲ್ಲ ಕಿವಿಗೆ ಬೀಳುತ್ತೆ. ಇಷ್ಟು ಭಾಷೆ ಮಧ್ಯೆ ಬೆಳೆದೋರಿಗೆ ನಾನು ಪರದೇಶದ ಪಾಠ ಹೇಳೋದೇ ಒಂಥರಾ ತಮಾಷೆ. ಮನೆಗೆ ಬಂದೋರಿಗೆ ಮೊದ್ಲು ಒಂದು ಚೊಂಬು ನೀರು, ಜೊತೆಗೆ ಒಂದು ಚೂರು ಬೆಲ್ಲ, ಇದು ತುಳುನಾಡಿನ ಕಡೆಯಿಂದ ಘಟ್ಟ ಹತ್ತಿದ ಮನೆಗಳಲ್ಲೂ ಇದೆ, ಅರೆಭಾಷೆ ಗೌಡ್ರ ಮನೇಲೂ ನೋಡಿದೀನಿ. ಬಿಸ್ಲಲ್ಲಿ ಗುಡ್ಡ ಹತ್ತಿ ಬಂದೋನಿಗೆ ಸುಸ್ವಾಗತ ಅನ್ನೋ ಪದ ಬೇಕಾಗಿಲ್ಲ, ಬೆಲ್ಲ ಕಚ್ಚಿ ನೀರು ಕುಡಿದು ಅವ್ನು ಹಾ ಅಂತ ಉಸಿರು ಬಿಡ್ತಾನಲ್ಲ, ಅದೇ ಅವನ ಉತ್ರ.

ಕೊಡವರ ಸಮಾರಂಭಕ್ಕೆ ಹೋದೋರಿಗೆ ಗೊತ್ತು, ತಳಿಯತಕ್ಕಿ ಬೊಳ್ಚ ಹಿಡ್ಕೊಂಡು ಹೆಣ್ಮಕ್ಳು ಸಾಲಾಗಿ ನಿಂತಿರ್ತಾರೆ, ತಟ್ಟೇಲಿ ಅಕ್ಕಿ, ಅಕ್ಕಿ ಮೇಲೆ ದೀಪ, ಹಿಂದೆ ವಾಲಗ. ಅಲ್ಲಿ ಯಾರೂ ವೆಲ್ಕಮ್ ಅಂತ ಬಾಯಲ್ಲಿ ಹೇಳಲ್ಲ, ಹೇಳಿದ್ರೆ ಚೆನ್ನಾಗಿರೋದೂ ಇಲ್ಲ. ಹಿರಿಯರ ಕಾಲು ಹಿಡಿಯೋದೂ ಹಾಗೇ, ಮೂರು ಸಲ ಬಗ್ಗಿ ಕಾಲು ಮುಟ್ಟಿ ಮೂರು ಸಲಾನೂ ಹಣೆಗೆ ಒತ್ಕೊಳ್ಳೋದು, ಅದು ಅರ್ಧ ಮಾತ್ರ, ಹಿರಿಯರು ತಲೆ ಮೇಲೆ ಕೈ ಇಟ್ಟು ಬಾಳು ಅಂತ ಹರಸಿದ ಮೇಲೇನೇ ಪೂರ್ತಿ. ಯಾವುದಾದ್ರೂ ಅಜ್ಜ ಫೋನ್‌ನಲ್ಲಿ ಮಾತಾಡ್ತಾ ಹರಸೋದು ಮರೆತ್ರೆ ಆ ಹುಡುಗ ಅಲ್ಲೇ ಬಗ್ಗಿಕೊಂಡು ಕಾಯ್ತಾ ಇರ್ತಾನೆ, ನೋಡಿರ್ತೀರಿ.

ವಿರಾಜಪೇಟೆ ಊರು ಹುಟ್ಟಿದ್ದು 1792ರಲ್ಲಿ, ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು, ಆಗಿನಿಂದಲೂ ಅಲ್ಲಿ ಕ್ರೈಸ್ತರು ಇದಾರೆ. ಅವ್ರಲ್ಲಿ ಕೊಂಕಣಿ ಮಾತಾಡೋರ ಮನೇಲಿ ಉಪಕಾರ ಮಾಡಿದೋರಿಗೆ 'ದೇವ್ ಬರೆಂ ಕರುಂ' ಅಂತಾರೆ, ದೇವರು ಒಳ್ಳೇದು ಮಾಡ್ಲಿ. ಮುಸ್ಲಿಮರ ಮನೇಲಿ 'ಜಝಾಕಲ್ಲಾಹು ಖೈರ್', ಅಲ್ಲಾಹು ನಿಮ್ಗೆ ಒಳ್ಳೇ ಪ್ರತಿಫಲ ಕೊಡ್ಲಿ, ಅದಕ್ಕೆ ಉತ್ರ 'ವ ಇಯ್ಯಾಕ', ನಿಮ್ಗೂ. ನಮ್ಮ ಕನ್ನಡದ ಅಜ್ಜಿ 'ನಿನ್ ಹೊಟ್ಟೆ ತಣ್ಣಗಿರ್ಲಿ ಮಗಾ' ಅನ್ನೋದೂ ಇದೇ ಜಾತಿ. ರಷ್ಯಾದೋರ 'ಸ್ಪಸೀಬ' ಕೂಡ ಮೂಲದಲ್ಲಿ ದೇವರು ಕಾಪಾಡ್ಲಿ ಅಂತಾನೇ, ಈಗ ಹೇಳೋರಿಗೆ ಅದು ನೆನಪಿರಲ್ಲ ಅಷ್ಟೇ. ಇವೆಲ್ಲದ್ರಲ್ಲೂ ಒಂದು ಜಾಣತನ ಇದೆ, ನಂಗೆ ನಿನ್ನ ಉಪಕಾರ ತೀರ್ಸೋಕೆ ಆಗಲ್ಲ ಕಣಪ್ಪ, ಅದಕ್ಕೆ ಮೇಲಿನೋನ ಅಕೌಂಟ್‌ಗೆ ಹಾಕಿದೀನಿ ಅನ್ನೋದು.

ಧನ್ಯವಾದ ಅನ್ನೋ ಪದದ ಕತೆ ಬೇರೆ. ಅದು ಸ್ಟೇಜಿನ ಪದ, ಎಟಿಎಂ ಪದ. ಅಮ್ಮ ಕಾಪಿ ತಂದು ಕೊಟ್ಟಾಗ ಧನ್ಯವಾದಗಳು ಅಮ್ಮ ಅಂದ್ರೆ ಅವಳು ಜ್ವರ ಬಂದಿದ್ಯಾ ಅಂತ ಹಣೆ ಮುಟ್ಟಿ ನೋಡ್ತಾಳೆ. ಇದನ್ನ ಇಟ್ಕೊಂಡು ಕೆಲವ್ರು ನಮ್ಮೋರಿಗೆ ಮ್ಯಾನರ್ಸ್ ಇಲ್ಲ, ಫಾರಿನ್ನೋರು ನೋಡಿ ಮಾತಿಗೊಂದು ಥ್ಯಾಂಕ್ಯೂ ಅಂತ ಭಾಷಣ ಬಿಗೀತಾರೆ, ಅದು ಸುಳ್ಳು. 2018ರಲ್ಲಿ ಒಂದು ಅಧ್ಯಯನ ಬಂತು, ಐದು ಖಂಡದ ಎಂಟು ಭಾಷೆಗಳಲ್ಲಿ ಮನೆ ಮಂದಿ, ಸ್ನೇಹಿತರು, ಅಕ್ಕಪಕ್ಕದೋರು ದಿನಾ ಮಾತಾಡೋದನ್ನ ರೆಕಾರ್ಡ್ ಮಾಡಿ ಕೂತು ಎಣಿಸಿದ್ದು. ಅದನ್ನ ಕೊಡು, ಇದನ್ನ ಹಿಡ್ಕೋ ಅಂತ ಕೇಳ್ತಾರೆ, ಎದುರಿನೋರು ಕೊಡ್ತಾರೆ, ಆಮೇಲೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿದ್ದು ಹೆಚ್ಚು ಕಮ್ಮಿ 20ಕ್ಕೆ ಒಂದು ಸಲ. ಇಂಗ್ಲಿಷಿನೋರು, ಇಟಲಿಯೋರು ಸ್ವಲ್ಪ ಜಾಸ್ತಿ, ಆದ್ರೂ ಏಳಕ್ಕೋ ಎಂಟಕ್ಕೋ ಒಂದು. ಈಕ್ವೆಡಾರ್ ದೇಶದಲ್ಲಿ ಚಾಪಲಾ ಅಂತ ಒಂದು ಭಾಷೆ ಇದೆ, ಅವ್ರು ರೆಕಾರ್ಡಿಂಗ್‌ನಲ್ಲಿ ಒಂದೇ ಒಂದು ಸಲಾನೂ ಹೇಳಿಲ್ಲ. ಆದ್ರೆ ಕೇಳಿದ್ದನ್ನ ಮಾಡಿ ಕೊಡೋದ್ರಲ್ಲಿ ಯಾರೂ ಹಿಂದೆ ಬಿದ್ದಿಲ್ಲ. ಮನೆಯೊಳಗೆ ಪ್ರಪಂಚ ಪೂರ್ತಿ ಹೀಗೇ, ಇಂಗ್ಲಿಷಿನೋರೂ ಅಷ್ಟೇ, ನಾವು ನೋಡೋ ಥ್ಯಾಂಕ್ಯೂ ಎಲ್ಲ ಅಂಗಡಿ ಹೋಟ್ಲಿಂದು.

ಚೀನಾದೋರು ಇದನ್ನ ಮಾತಲ್ಲೇ ಹೇಳಿಬಿಡ್ತಾರೆ. 'ಶಿಯೆ ಶಿಯೆ' ಅಂತ ಥ್ಯಾಂಕ್ಸ್ ಹೇಳಿದ್ರೆ ಉತ್ರ 'ಬು ಖೆ ಚಿ', ನೆಂಟರ ಥರ ಆಡ್ಬೇಡಿ ಅನ್ನೋ ಅರ್ಥ. ಅಂದ್ರೆ ಥ್ಯಾಂಕ್ಸ್ ಅನ್ನೋದು ದೂರದೋರ ಮಾತು, ನೀವು ಅಷ್ಟು ದೂರ ನಿಲ್ಬೇಡಿ ಅಂತ. ನಮ್ಮಲ್ಲೂ 'ಏನ್ ಹೊರಗಿನೋರ ಥರ ಥ್ಯಾಂಕ್ಸ್ ಎಲ್ಲ ಹೇಳ್ತೀಯಾ' ಅಂತ ಬೈಯ್ಯಲ್ವಾ, ಅದೇ.

ಇರಾನಿನೋರದ್ದು ಹೇಳ್ದೆ ಇದ್ರೆ ಪಾಪ ಬರುತ್ತೆ. ಅಡುಗೆ ಬಡಿಸಿದೋರಿಗೋ, ಏನಾದ್ರೂ ಕೆಲ್ಸ ಮಾಡಿ ಕೊಟ್ಟೋರಿಗೋ 'ದಸ್ತೆ ಶೊಮಾ ದರ್ದ್ ನಕೊನೆ' ಅಂತಾರೆ, ನಿಮ್ಮ ಕೈ ನೋಯದೇ ಇರ್ಲಿ. ಅದಕ್ಕೆ ಉತ್ರ 'ಸರೆ ಶೊಮಾ ದರ್ದ್ ನಕೊನೆ', ನಿಮ್ಮ ತಲೆ ನೋಯದೇ ಇರ್ಲಿ. ಇನ್ನು ಅಲ್ಲಿ ತಾರೋಫ್ ಅಂತ ಒಂದು ಪದ್ಧತಿ ಇದೆ, ಟ್ಯಾಕ್ಸಿಯೋನಿಗೆ ಎಷ್ಟಾಯ್ತು ಅಂದ್ರೆ ಅಯ್ಯೋ ಏನೂ ಬೇಡ ಬಿಡಿ ಅಂತಾನೆ, ಅದನ್ನ ನಂಬ್ಕೊಂಡು ಇಳಿದು ಹೋದ್ರೆ ಕೆಟ್ರಿ, ನೀವು ಇಲ್ಲ ಇಲ್ಲ ತಗೊಳ್ಳಿ ಅಂತ ಎರಡು ಮೂರು ಸಲ ಅನ್ಬೇಕು, ಆಮೇಲೆ ಅವ್ನು ರೇಟ್ ಹೇಳ್ತಾನೆ. ನಗ್ಬೇಡಿ, ನಮ್ಮಲ್ಲಿ ಕಾಪಿ ತಗೊಳ್ಳಿ ಅಂದ್ರೆ ಬೇಡ ಬೇಡ ಈಗ ತಾನೇ ಕುಡ್ದೆ ಅನ್ನೋದು, ಅವ್ರು ಅರ್ಧ ಲೋಟ ತಗೊಳ್ಳಿ ಅನ್ನೋದು, ಪೂರ್ತಿ ಲೋಟಾನೇ ಬರೋದು, ನಾವು ಪೂರ್ತಿ ಕುಡಿಯೋದು, ಇದು ತಾರೋಫ್ ಅಲ್ದೆ ಇನ್ನೇನು. ಇಲ್ಲಿ ಹೋಂಸ್ಟೇಯೋರು ಒಂದು ಗಮನಿಸ್ಬೇಕು. ಜರ್ಮನಿಯೋರು, ಅಮೆರಿಕದೋರು ಸಾಮಾನ್ಯವಾಗಿ ನೋ ಥ್ಯಾಂಕ್ಯೂ ಅಂದ್ರೆ ಬೇಡ ಅಂತಾನೇ ಅರ್ಥ. ನಾವು ಪ್ರೀತಿಯಿಂದ ಕಡುಬು ಮೇಲೆ ಕಡುಬು ಹಾಕ್ತಾ ಹೋದ್ರೆ ಅವ್ರು ತಟ್ಟೆ ಅಡ್ಡ ಹಿಡ್ಕೊಂಡು ಹೆದರಿ ಕೂತಿರ್ತಾರೆ. ಅದೇ ನಮ್ಮ ಹಾಸನ ಮಂಡ್ಯದೋರಿಗೆ ಒಂದೇ ಸಲ ಕೇಳಿ ಬಿಟ್ರೆ ಊರಿಗೆ ಹೋಗಿ, ಊಟಕ್ಕೆ ಬಲವಂತಾನೇ ಮಾಡ್ಲಿಲ್ಲ ಅಂತಾರೆ.

ಯುರೋಪಿನ ಥ್ಯಾಂಕ್ಸ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಬೋರ್ಡ್‌ನಲ್ಲಿ ಇದ್ದೇ ಇದೆ. ಫ್ರೆಂಚಿನೋರ 'ಮೆರ್ಸಿ'ಗೆ 'ದ ರಿಯಾಂ', ಸ್ಪ್ಯಾನಿಷ್ 'ಗ್ರಾಸಿಯಾಸ್'ಗೆ 'ದೆ ನಾದಾ', ಎರಡೂ ಏನಿಲ್ಲ ಬಿಡಿ ಅನ್ನೋ ಥರ. ಜರ್ಮನ್ 'ಡಾಂಕೆ'ಗೆ 'ಬಿಟ್ಟೆ'. ಪೋರ್ಚುಗೀಸ್‌ನಲ್ಲಿ ಮಾತ್ರ ಹುಷಾರು, ಹೇಳೋರು ಗಂಡಸಾದ್ರೆ 'ಒಬ್ರಿಗಾದು', ಹೆಂಗಸಾದ್ರೆ 'ಒಬ್ರಿಗಾದಾ', ಕೇಳೋರು ಯಾರು ಅನ್ನೋದು ಲೆಕ್ಕಕ್ಕಿಲ್ಲ. ಥಾಯ್ಲೆಂಡಿನೋರದ್ದೂ ಹಾಗೇ, 'ಖೋಪ್ ಖುನ್' ಆದ್ಮೇಲೆ ಗಂಡಸರು 'ಖ್ರಪ್', ಹೆಂಗಸರು 'ಖಾ'. ಬೋರ್ಡ್‌ನಲ್ಲಿ ಒಂದೇ ಬರ್ದಿದ್ರೆ ಮನೆಯೋರು ಇಬ್ರೂ ಒಂದೇ ಹೇಳ್ತಾರೆ, ಗೆಸ್ಟ್ ಬಾಯಿಮುಚ್ಚಿ ನಗ್ತಾರೆ. ಇಂಡೋನೇಷ್ಯಾ, ಮಲೇಷ್ಯಾದೋರ 'ತೆರಿಮಾ ಕಾಸಿ'ಗೆ 'ಸಮಾ ಸಮಾ', ಇದು ನಮ್ಮ ಬಾಯಿಗೆ ಸಲೀಸು, ಸಮ ಸಮ ಅಂತ ನೆನಪಿಟ್ಕೊಳ್ಳಿ, ಅರ್ಥಾನೂ ಹತ್ರ ಹತ್ರ ಅದೇ.

ಈಗ ನಂಗೆ ನಿಜವಾಗ್ಲೂ ತಲೆ ಕೆಡೋ ವಿಷಯ. ಇತ್ತೀಚೆಗೆ ಕನ್ನಡದ ಆಪ್‌ಗಳಲ್ಲಿ, ವಾಟ್ಸಾಪ್ ಮೆಸೇಜ್‌ಗಳಲ್ಲಿ ನಾವು ಧನ್ಯವಾದ ಅಂತ ಹಾಕಿದ್ರೆ ವಾಪಸ್ 'ನಿಮಗೆ ಸ್ವಾಗತ' ಅಂತ ಬರುತ್ತೆ. ಎಲ್ಲಿಗೆ ಸ್ವಾಗತ ಮಾರಾಯ್ರೆ? ನಾನು ಕರೆಂಟ್ ಬಿಲ್ ಕಟ್ಟಿ ಹೊರಡ್ತಾ ಇದೀನಿ, ಈಗ ಬಾಗಿಲು ತೆಗೀತೀರಾ? ಇಂಗ್ಲಿಷಿನ ಯು ಆರ್ ವೆಲ್ಕಮ್‌ನ ಮಷಿನ್ ಪದಕ್ಕೆ ಪದ ಹಾಕಿದ್ದು, ಅದನ್ನ ನೋಡಿ ನೋಡಿ ಈಗ ಹುಡುಗ್ರೂ ಹೇಳೋಕೆ ಶುರು ಮಾಡಿದಾರೆ. ಕೆನಡಾದ ಫ್ರೆಂಚ್ ಮಾತಾಡೋ ಕ್ವಿಬೆಕ್‌ನಲ್ಲಿ ಮೆರ್ಸಿಗೆ 'ಬಿಯಾಂವೆನ್ಯು' ಅನ್ನೋ ರೂಢಿ ಇದೆ, ಅಕ್ಕಪಕ್ಕ ಎಲ್ಲ ಇಂಗ್ಲಿಷ್ ಇರೋದ್ರಿಂದ ಹಾಗೆ, ಪ್ಯಾರಿಸ್‌ನೋರಿಗೆ ಅದು ಕೇಳಿದ್ರೆ ವಿಚಿತ್ರ ಅನ್ಸುತ್ತೆ. ಹಾಗಾಗಿ ನಮ್ಮಲ್ಲೂ ನಾಳೆ ನಿಂತುಬಿಡಬಹುದು, ಯಾರು ತಡೀತಾರೆ. ಆದ್ರೆ ನಮ್ಗೆ ಉತ್ರ ಇಲ್ದೆ ಇದ್ರೆ ತಾನೇ ಸಾಲ ತರ್ಬೇಕಾದ್ದು? 'ಅಯ್ಯೋ ಅದ್ರಲ್ಲೇನಿದೆ', 'ಇರ್ಲಿ ಬಿಡಿ', 'ಪರವಾಗಿಲ್ಲ', 'ಅದೇನು ದೊಡ್ಡ ವಿಷಯ', 'ನಾವೇನು ಮಾಡಿದ್ವಿ, ಎಲ್ಲ ದೇವ್ರು'. ಎಷ್ಟು ಬೇಕು? ಒಂದೇ ಫಿಕ್ಸ್ ಆಗಿರೋ ಮಾತಿಲ್ಲ ಅಂತ ನಮ್ಮಲ್ಲಿ ಏನೂ ಇಲ್ಲ ಅಂದ್ಕೋಬೇಡಿ. ಕನ್ನಡ ಬೋರ್ಡ್‌ನಲ್ಲಿ ಧನ್ಯವಾದದ ಪಕ್ಕ 'ಅದ್ರಲ್ಲೇನಿದೆ' ಅಂತ ಬರೀರಿ, ಬೆಂಗ್ಳೂರಿಂದ ಬರೋ ಬೇರೆ ರಾಜ್ಯದ ಹುಡುಗ್ರು ಅದನ್ನ ಹೇಳ್ಕೊಂಡು ಹೋಗ್ಲಿ.

ಬಾಯಿಗಿಂತ ಕೈ ವಿಷಯ ಜಾಸ್ತಿ ಮುಖ್ಯ ಅನ್ಸುತ್ತೆ ನಂಗೆ. ಕುಶಾಲನಗರದ ಸೇತುವೆ ದಾಟಿದ್ರೆ ಕೊಪ್ಪ, ಅಲ್ಲಿಂದ ಬೈಲಕುಪ್ಪೆ, ಟಿಬೆಟಿನೋರು 1960ರ ಹೊತ್ತಿಗೆ ಬಂದು ನೆಲೆಸಿದ್ದು. ನಿಮ್ಮ ಗೆಸ್ಟ್‌ಗಳನ್ನ ದಿನಾ ಅಲ್ಲಿಗೆ ಕರ್ಕೊಂಡು ಹೋಗ್ತೀರಿ, ಗೋಲ್ಡನ್ ಟೆಂಪಲ್ ತೋರ್ಸಿ ಮೊಮೊ ತಿನ್ಸಿ ಕರ್ಕೊಂಡು ಬರ್ತೀರಿ. 'ತಾಶಿ ದೆಲೆಕ್' ಎಲ್ರಿಗೂ ಬರುತ್ತೆ, ಅದಕ್ಕೆ ಉತ್ರ ಮತ್ತೆ 'ತಾಶಿ ದೆಲೆಕ್', ಕಷ್ಟ ಇಲ್ಲ. ಥ್ಯಾಂಕ್ಸ್‌ಗೆ 'ಥು ಜೆ ಛೆ'. ಆದ್ರೆ ಅವ್ರು ಖಾತಾ, ಆ ಬಿಳೀ ಶಲ್ಯ, ಕೊಡುವಾಗ ನೋಡಿದೀರಾ, ಎರಡೂ ಕೈ ಚಾಚಿ ಸ್ವಲ್ಪ ಬಗ್ಗಿ ಕೊಡ್ತಾರೆ. ಅದನ್ನ ನಮ್ಮ ಡ್ರೈವರ್‌ಗಳು ಒಂದು ಕೈಲಿ ಟವಲ್ ಎಳ್ಕೊಂಡ ಹಾಗೆ ಎಳ್ಕೊಂಡು ಹೆಗಲಿಗೆ ಹಾಕ್ಕೊಳ್ತಾರೆ. ಎರಡೂ ಕೈಲಿ ತಗೊಳ್ಳಿ, ತಲೆ ಸ್ವಲ್ಪ ಬಗ್ಸಿ. ಜಪಾನಿನೋರಿಗೆ, ಕೊರಿಯಾದೋರಿಗೆ ರೂಮ್ ಕೀ ಕೊಟ್ರೂ, ಬಿಲ್ ಕೊಟ್ರೂ ಎರಡು ಕೈಲೇ ಕೊಡಿ, ಹತ್ತು ಪದ ಕಲಿಯೋ ಕೆಲ್ಸ ಉಳಿಯುತ್ತೆ. ಟಿಬೆಟಿನೋರ ಮನೇಲಿ ಬೆಣ್ಣೆ ಟೀ ಕೊಟ್ರೆ ಇನ್ನೊಂದು ಸೂಕ್ಷ್ಮ ಇದೆ, ಒಂದು ಗುಟುಕು ಕುಡಿದ ಹಾಗೆ ಮತ್ತೆ ತುಂಬಿಸ್ತಾರೆ, ಸಾಕು ಅಂದ್ರೆ ತುಂಬಿದ ಲೋಟಾನ ಹಾಗೇ ಬಿಟ್ಟು ಹೊರಡೋ ಹೊತ್ತಿಗೆ ಕುಡೀಬೇಕು. ನಮ್ಮೋರು ಮರ್ಯಾದೆಗೆ ಅಂತ ಖಾಲಿ ಮಾಡ್ತಾರೆ, ಅವ್ರು ಮರ್ಯಾದೆಗೆ ಅಂತ ತುಂಬಿಸ್ತಾರೆ, ಆಮೇಲೆ ಜೀಪ್‌ನಲ್ಲಿ ಹೊಟ್ಟೆ ಹಿಡ್ಕೊಂಡು ಬರ್ತಾರೆ.

ಜಪಾನಿನ ಅಂಗಡಿಗೆ ಹೋದ್ರೆ 'ಇರಾಶ್ಶೈಮಾಸೆ' ಅಂತ ಎಲ್ರೂ ಕೂಗ್ತಾರೆ, ಅದಕ್ಕೆ ಗಿರಾಕಿ ಉತ್ರ ಕೊಡ್ಬೇಕಾಗಿಲ್ಲ, ತಲೆ ಆಡ್ಸಿದ್ರೂ ಸಾಕು. ಹಾಗಾಗಿ ಜಪಾನಿನ ಗೆಸ್ಟ್ ನಿಮ್ಮ ವೆಲ್ಕಮ್‌ಗೆ ಮಾತಾಡ್ದೆ ಒಳಗೆ ಬಂದ್ರೆ ಗತ್ತು ಅಂದ್ಕೋಬೇಡಿ. ಆದ್ರೆ ಊಟ ಆದ್ಮೇಲೆ 'ಗೊಚಿಸೊಸಾಮಾ' ಅಂತ ಖಂಡಿತ ಹೇಳ್ತಾರೆ, ಅಡುಗೆಯೋರನ್ನ ಒಳಗಿನಿಂದ ಕರ್ದು ಕೇಳಿಸಿ, ಅದು ರಿಸೆಪ್ಷನ್‌ನೋರಿಗೆ ಹೇಳಿದ್ದಲ್ಲ, ಅಕ್ಕಿ ರೊಟ್ಟಿ ತಟ್ಟಿದ ಅಕ್ಕನಿಗೆ ಹೇಳಿದ್ದು.

ಆರತಿ ಕುಂಕುಮದ ಬಗ್ಗೆ ಒಂದು ಮಾತು. ಚೆನ್ನಾಗಿ ಫೋಟೋ ಬರುತ್ತೆ ಅಂತ ಎಲ್ರ ಹಣೆಗೂ ಹಚ್ಚೋಕೆ ಹೋಗ್ಬೇಡಿ, ಕೆಲವ್ರಿಗೆ ಧರ್ಮದ ಅಡ್ಡಿ ಇರುತ್ತೆ, ಕೆಲವ್ರಿಗೆ ಮುಖ ಮುಟ್ಟಿಸ್ಕೊಳ್ಳೋದೇ ಇಷ್ಟ ಇರಲ್ಲ. ಬೆಲ್ಲ ನೀರಿಗೆ ಯಾವ ಧರ್ಮಾನೂ ಇಲ್ಲ, ಶುಗರ್ ಇರೋರು ಬರೀ ನೀರು ಕುಡೀತಾರೆ.

ಮಾತು ಮುಗಿದ ಮೇಲೆ ಕೆಲವ್ರು ಪ್ರಶ್ನೆ ಕೇಳಿದ್ರು. ಒಬ್ಬರು ಹೋಂಸ್ಟೇ ನಡೆಸೋ ಅಕ್ಕ, ಬೆಳಗ್ಗೆ ಐದು ಗಂಟೆಗೇ ಹೇಳ್ದೆ ಕೇಳ್ದೆ ಚೆಕ್‌ಔಟ್ ಮಾಡಿ ಕೀ ಬಾಗಿಲಲ್ಲೇ ಬಿಟ್ಟು ಹೋಗ್ತಾರೆ, ಬರ್ತೀವಿ ಅಂತ ಒಂದು ಮಾತೂ ಇಲ್ಲ, ಬೇಜಾರಾಗುತ್ತೆ ಅಂದ್ರು. ಬೇಜಾರಾಗೋದು ಸರೀನೇ. ನಮ್ಮಲ್ಲಿ ಹೋಗ್ತೀನಿ ಅನ್ನೋದೇ ಇಲ್ಲ, ಬರ್ತೀನಿ ಅಂತಾನೇ ಹೊರಡೋದು, ಆ ಬರ್ತೀನಿಗೆ ಹೂಂ ಬನ್ನಿ ಅನ್ನೋದು. ಆದ್ರೆ ಅವ್ರು ಮನೆಯೋರನ್ನ ನಿದ್ದೆಯಿಂದ ಎಬ್ಬಿಸ್ಬಾರ್ದು ಅಂತಾನೇ ಸದ್ದಿಲ್ದೆ ಹೋಗಿರ್ತಾರೆ, ಅವರ ಲೆಕ್ಕದಲ್ಲಿ ಅದೇ ಮರ್ಯಾದೆ. ಹಿಂದಿನ ರಾತ್ರಿನೇ ಊಟದ ಹೊತ್ತಿಗೆ ಬಿಲ್ ಜೊತೆ ಎರಡು ಕಿತ್ತಳೆನೋ ಒಂದು ಪೊಟ್ಟಣ ಕರಿಮೆಣಸೋ ಕೊಟ್ಟುಬಿಡಿ, ಬೀಳ್ಕೊಡೋದು ಆಗಲೇ ಆಗಿಹೋಗುತ್ತೆ ಅಂದೆ.

ಇನ್ನೊಬ್ರು ತೋಟದೋರು, ಸ್ವಲ್ಪ ಜೋರಾಗೇ ಕೇಳಿದ್ರು. ನಮ್ಮ ಲೈನ್ ಮನೇಲಿ ಅಸ್ಸಾಮಿನೋರು ಇದಾರೆ, ಶನಿವಾರ ಬಟವಾಡೆ ಮಾಡಿದ್ರೆ ದುಡ್ಡು ಎಣಿಸ್ಕೊಂಡು ಸುಮ್ನೆ ಹೋಗ್ತಾರೆ, ಒಂದು ಥ್ಯಾಂಕ್ಸ್ ಕೂಡ ಇಲ್ಲ, ಅವ್ರಿಗೆ ಯಾರು ಹೇಳ್ಕೊಡ್ತಾರೆ ಅಂತ. ನಾನು ಅವ್ರಿಗೆ ತಿರುಗಿ ಕೇಳ್ದೆ, ವಾರ ಪೂರ್ತಿ ಕಾಪಿ ಕುಯ್ದು ಕೊಟ್ಟಾಗ ನೀವು ಹೇಳಿದ್ರಾ ಅಂತ. ಸಭೇಲಿ ನಗು ಬಂತು, ಅವ್ರೂ ನಕ್ಕರು, ಪೂರ್ತಿ ಅಲ್ಲ. ಬಟವಾಡೆ ಅವರ ದುಡಿಮೆ, ನಾವು ಕೊಟ್ಟ ಉಡುಗೊರೆ ಅಲ್ಲ. ಅವರ ಊರಲ್ಲಿ ಮನೆಗೆ ಬಂದೋರಿಗೆ 'ಆಹೊಕ್, ಬೊಹೊಕ್' ಅಂತಾರೆ, ಬನ್ನಿ, ಕೂತ್ಕೊಳ್ಳಿ. ಅಡಿಕೆ ವೀಳ್ಯ ಮುಂದಿಡ್ತಾರೆ, ದೊಡ್ಡ ಮರ್ಯಾದೆ ಮಾಡ್ಬೇಕು ಅಂದ್ರೆ ಕೆಂಪು ಅಂಚಿನ ಬಿಳೀ ಗಾಮೋಸಾ ಹೊದಿಸ್ತಾರೆ. ಬಟವಾಡೆ ದಿನ ಆಫೀಸ್ ಕಿಟಕಿ ಹೊರಗೆ ಕ್ಯೂ ನಿಲ್ಲಿಸೋ ಬದ್ಲು ಒಂದು ಬೆಂಚ್ ಹಾಕ್ಸಿ, ಬಂದೋರಿಗೆ ಬೊಹೊಕ್ ಅನ್ನಿ, ಏನ್ ಉತ್ರ ಬರುತ್ತೆ ಅಂತ ನೀವೇ ಕೇಳಿಸ್ಕೊಳ್ಳಿ ಅಂದೆ. ಅವ್ರು ಪೆನ್ ತೆಗ್ದು ಇನ್ನೊಂದ್ಸಲ ಹೇಳಿ ಅಂದ್ರು. ಬೊ-ಹೊ-ಕ್, ಹಕಾರ ನುಂಗ್ಬೇಡಿ ಅಂತ ಹೇಳ್ದೆ.